ತಾನು ಹಾವಾಗುತ್ತಿದ್ದೇನೆ ಎನ್ನುವ ತಮ್ಮ: ದೋಷವೇ, ಕಾಯಿಲೆಯೇ?

ಪ್ರಶ್ನೆ: ನಾವು ಉಡುಪಿ ಕಡೆಯವರು. ಅಪ್ಪ ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದವರು, ಈಗ ಇಲ್ಲ. ಅಮ್ಮ, ನಾನು, ತಮ್ಮ ಡೊಂಬಿವಲಿಯಲ್ಲಿದ್ದೇವೆ. ತಮ್ಮನಿಗೆ 26 ವರ್ಷ, ಮುಲುಂಡಿನ ಹೋಟೆಲೊಂದರಲ್ಲಿ ಕ್ಯಾಶಿಯರ್. ಒಂದು ತಿಂಗಳಿಂದ ತಾನು ಹಾವಾಗುತ್ತಿದ್ದೇನೆ ಎನ್ನುತ್ತಿದ್ದಾನೆ. ಬೆನ್ನಿನ ಚರ್ಮ ಪೊರೆಯಾಗುತ್ತಿದೆ, ನಾಲಿಗೆ ಸೀಳುತ್ತಿದೆ ಎಂದು ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾನೆ. ಮೊಣಕೈಯನ್ನು ಉಗುರಿನಿಂದ ಕೆರೆದು ಗಾಯ ಮಾಡಿಕೊಂಡಿದ್ದಾನೆ. ಅನ್ನ ಮುಟ್ಟುವುದಿಲ್ಲ, ಹಾಲು ಮತ್ತು ಹಸಿಮೊಟ್ಟೆ ಮಾತ್ರ. ಅಮ್ಮ ಸ್ಟೀಲ್ ಬಟ್ಟಲಿನಲ್ಲಿ ಹಾಲು ಹಾಕಿ ನೆಲದ ಮೇಲಿಟ್ಟು ಕೈ ಮುಗಿಯುತ್ತಾರೆ. ಇದಕ್ಕೂ ಮೊದಲು ಕೆಲವು ವಾರ ಬಹಳ ಹುರುಪಿನಲ್ಲಿದ್ದ. ರಾತ್ರಿ ಎರಡು ಮೂರು ಗಂಟೆ ಮಲಗಿದರೆ ಹೆಚ್ಚು, ಸ್ವಂತ ಕ್ಯಾಟರಿಂಗ್ ತೆರೆಯುತ್ತೇನೆಂದು ಸಾಲವನ್ನೂ ಮಾಡಿದ. ಅದಕ್ಕೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ. ಹತ್ತಿರದ ಡಾಕ್ಟರರು ಕೊಟ್ಟ ಮಾತ್ರೆಯನ್ನು ಮೂರು ದಿನ ತೆಗೆದುಕೊಂಡ. ಮೂರನೆಯ ದಿನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು ನಾಲಿಗೆ ಹೊರಗೆ ಚಾಚಿಕೊಂಡಿತು, ಬಹಳ ಹೊತ್ತು ಒಳಗೆ ಹೋಗಲಿಲ್ಲ. ಅಂದಿನಿಂದ ಅಮ್ಮನಿಗೆ ಇದು ನಾಗನೇ ಎಂಬುದು ಖಾತ್ರಿಯಾಗಿದೆ, ಮಾತ್ರೆ ನಿಲ್ಲಿಸಿದ್ದೇವೆ. ಊರಿನವರು ನಾಗದೋಷ, ಕರೆದುಕೊಂಡು ಬನ್ನಿ, ಆಶ್ಲೇಷಾ ಬಲಿ ಮಾಡಿಸೋಣ ಎನ್ನುತ್ತಾರೆ. ನಮ್ಮ ಚಿಕ್ಕಮ್ಮನಿಗೂ ಬಾಣಂತನದಲ್ಲಿ ತಲೆ ಕೆಟ್ಟಿತ್ತು, ಅದೂ ನಾಗನಿಂದಲೇ ಎಂದು ಅವರ ಮಾತು. ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮನುಷ್ಯ ತೋಳವಾಗುವ ಕಾಯಿಲೆಯ ಬಗ್ಗೆ ಏನೇನೋ ಬರುತ್ತದೆ, ಓದಿ ಹೆದರಿಕೆಯಾಗಿದೆ. ಇದು ದೋಷವೇ, ಕಾಯಿಲೆಯೇ? ಅವನು ನಮ್ಮ ಮೇಲೆ ಎರಗಬಹುದೇ? ಊರಿಗೆ ಕರೆದೊಯ್ಯಬಹುದೇ? ಮಾತ್ರೆ ಶುರುಮಾಡಿದರೆ ಜೀವನಪೂರ್ತಿ ನುಂಗಬೇಕೇ? ಆಸ್ಪತ್ರೆಗೆ ಸೇರಿಸಿದರೆ ಕರೆಂಟ್ ಕೊಡುತ್ತಾರಂತೆ, ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವೆನಿಸಿದ ವಾಕ್ಯ ಹಾವಿನ ಬಗ್ಗೆ ಇರುವುದಲ್ಲ. "ಅದಕ್ಕೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ" ಎಂದು ನೀವು ಬರೆದು ಮುಂದೆ ಹೋಗಿದ್ದೀರಲ್ಲ, ಅದು. ನಿದ್ದೆಯಿಲ್ಲದೆಯೂ ಆಯಾಸವಾಗದ ಹುರುಪು, ಕೈಗೆ ಮೀರಿದ ಯೋಜನೆ, ಸಾಲ, ಆಮೇಲೆ ತನ್ನ ದೇಹವೇ ಬೇರೆಯಾಗುತ್ತಿದೆ ಎಂಬ ನಂಬಿಕೆ, ಕುಟುಂಬದಲ್ಲಿ ಇನ್ನೊಬ್ಬರಿಗೆ ಬಾಣಂತನದಲ್ಲಿ ಕಾಣಿಸಿಕೊಂಡ ಮಾನಸಿಕ ಅಸ್ವಸ್ಥತೆ: ಇವನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಯಾವ ಮನೋವೈದ್ಯನಿಗೂ ಮೊದಲು ಹೊಳೆಯುವುದು, ಅತಿ ಹುರುಪಿನ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತ, ಅಂದರೆ ಮೇನಿಯಾ. ಪತ್ರ ಓದಿ ರೋಗನಿರ್ಣಯ ಮಾಡುವುದು ಸರಿಯಲ್ಲ, ನಾನು ಮಾಡುತ್ತಲೂ ಇಲ್ಲ. ಆದರೆ ನಿಮ್ಮ ತಮ್ಮನನ್ನು ನೋಡುವ ವೈದ್ಯರಿಗೆ ಹಾವಿನ ಕಥೆಗಿಂತ ಮೊದಲು ಆ ಕೆಲವು ವಾರಗಳ ಕಥೆಯನ್ನು ಹೇಳಬೇಕು, ಏಕೆಂದರೆ ಚಿಕಿತ್ಸೆಯ ದಿಕ್ಕು ನಿರ್ಧಾರವಾಗುವುದು ಅದರಿಂದಲೇ.

ತಾನು ಪ್ರಾಣಿಯಾಗಿದ್ದೇನೆ ಅಥವಾ ಆಗುತ್ತಿದ್ದೇನೆ ಎಂಬ ಭ್ರಮೆ ನಿಜವಾಗಿಯೂ ಇದೆ, ಮತ್ತು ಅದು ಬಹಳ ಅಪರೂಪ. ನೀವು ಇಂಟರ್‌ನೆಟ್ಟಿನಲ್ಲಿ ಓದಿದ್ದು ಕ್ಲಿನಿಕಲ್ ಲೈಕಾಂಥ್ರೊಪಿಯ ಬಗ್ಗೆ ಇರಬೇಕು. ಯುರೋಪಿನಲ್ಲಿ ತೋಳದ ಭಯವಿದ್ದುದರಿಂದ ಅಲ್ಲಿನ ರೋಗಿಗಳು ತೋಳವಾದರು, ಹೆಸರೂ ತೋಳದ್ದೇ ಉಳಿಯಿತು. ನೆದರ್‌ಲೆಂಡ್ಸ್‌ನ ಮನೋವೈದ್ಯ ಯಾನ್ ಡಿರ್ಕ್ ಬ್ಲೋಮ್ ಅವರು 1850ರಿಂದ 2012ರವರೆಗಿನ ವೈದ್ಯಕೀಯ ಬರವಣಿಗೆಯನ್ನು ಜಾಲಾಡಿದಾಗ ಸಿಕ್ಕಿದ್ದು ಒಟ್ಟು 56 ಪ್ರಕರಣಗಳು. ಅವುಗಳಲ್ಲಿ ತೋಳವಾದವರು 13 ಮಂದಿ ಮಾತ್ರ. ಉಳಿದವರು ನಾಯಿ, ಹಸು, ಹಾವು, ಕಪ್ಪೆ, ಹಕ್ಕಿ ಹೀಗೆ ಅವರವರ ನೆಲದಲ್ಲಿ ಓಡಾಡುವ ಜೀವಿಗಳಾಗಿದ್ದರು. ಹೆಣ್ಣುಮಗಳೊಬ್ಬಳು ಹಾವಾದೆನೆಂದು ನಂಬಿದ್ದ ಪ್ರಕರಣ ಭಾರತದಿಂದಲೂ ವರದಿಯಾಗಿದೆ. ಅಮೆರಿಕದ ಬೋಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯ ವೈದ್ಯರು 1988ರಲ್ಲಿ ತಮ್ಮಲ್ಲಿ ಕಂಡ 12 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಬೈಪೋಲಾರ್ ಕಾಯಿಲೆ. ಗಿಡವೋ ಮರವೋ ಆಗುತ್ತಿದ್ದೇನೆ ಎನ್ನುವವರು ಇನ್ನೂ ವಿರಳ. ಪುಣೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅಂಥ ಒಬ್ಬ ವಯಸ್ಸಾದವರನ್ನು ನೋಡಿದ್ದೇನೆ. ಬಾಲ್ಕನಿಯಲ್ಲಿ ಎರಡೂ ಕಾಲನ್ನು ನೀರಿನ ಬಕೆಟ್ಟಿನಲ್ಲಿಟ್ಟು ನಿಂತಿರುತ್ತಿದ್ದರು. ಒಳಗೆ ಬನ್ನಿ ಎಂದರೆ ಬೇರು ಕಿತ್ತುಹೋಗುತ್ತದೆ ಎಂದು ಬಹಳ ತಣ್ಣಗೆ ಹೇಳುತ್ತಿದ್ದರು. ಕಾಲಿನ ಚರ್ಮ ನೀರಿನಲ್ಲಿ ನೆನೆದು ಬಿಳಿಚಿಕೊಂಡು ಬಿರಿದಿತ್ತು. ಅದನ್ನೇ ತೋರಿಸಿ, ತೊಗಟೆ ಒಡೆಯುತ್ತಿದೆ ನೋಡಿ ಎಂದರು. ಅವರಿಗಿದ್ದದ್ದು ತೀವ್ರ ಖಿನ್ನತೆ. ಅದು ಗುಣವಾದ ಮೇಲೆ ಬೇರಿನ ಮಾತು ತಾನಾಗಿಯೇ ನಿಂತಿತು. ಬೇರಿನ ಬಗ್ಗೆ ನಾವು ಯಾರೂ ಒಂದು ದಿನವೂ ಅವರೊಂದಿಗೆ ವಾದ ಮಾಡಿರಲಿಲ್ಲ.

ಜ್ವರ ಹೇಗೆ ಒಂದು ಕಾಯಿಲೆಯಲ್ಲವೋ, ಮಲೇರಿಯಾಕ್ಕೂ ಟೈಫಾಯ್ಡಿಗೂ ಬರುವ ಲಕ್ಷಣವೋ, ಈ ಭ್ರಮೆಯೂ ಹಾಗೆ. ಅದರ ಕೆಳಗೆ ಏನಿದೆ ಎಂದು ಹುಡುಕಬೇಕು. ವರದಿಯಾದ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಮೂರೇ ಕಾರಣಗಳು: ಸ್ಕಿಜೋಫ್ರೇನಿಯಾ, ಭ್ರಮೆಗಳೊಡನೆ ಬರುವ ತೀವ್ರ ಖಿನ್ನತೆ, ಮತ್ತು ಬೈಪೋಲಾರ್. ಉಳಿದವುಗಳಲ್ಲಿ ಗಾಂಜಾ ಮತ್ತಿತರ ಮಾದಕ ವಸ್ತುಗಳು, ಮದ್ಯವನ್ನು ತಟ್ಟನೆ ನಿಲ್ಲಿಸಿದಾಗ ಬರುವ ಸನ್ನಿ, ಮೂರ್ಛೆರೋಗ, ಮಿದುಳಿನ ಗಡ್ಡೆ ಅಥವಾ ಪೆಟ್ಟು, ಮಿದುಳಿನ ಉರಿಯೂತ ಸೇರುತ್ತವೆ. ಉರಿಯೂತದಲ್ಲಿ ಒಂದು ಬಗೆಯನ್ನು ಇಲ್ಲಿ ಹೇಳಲೇಬೇಕು. ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಎನ್‌ಎಂಡಿಎ ಗ್ರಾಹಿಗಳ (ನರಕೋಶಗಳು ಸಂದೇಶ ಪಡೆಯುವ ತಾಣಗಳ) ಮೇಲೆ ತಿರುಗಿಬೀಳುವ ಈ ಕಾಯಿಲೆಯನ್ನು ವೈದ್ಯಲೋಕ ಸ್ಪಷ್ಟವಾಗಿ ಗುರುತಿಸಿದ್ದು 2007ರಲ್ಲಿ. ಹರೆಯದವರಲ್ಲಿ ಹೆಚ್ಚು, ಶುರುವಾಗುವುದು ಮಾನಸಿಕ ಕಾಯಿಲೆಯ ವೇಷದಲ್ಲೇ, ಕೆಲವೇ ದಿನ ಅಥವಾ ವಾರಗಳಲ್ಲಿ ಫಿಟ್ಸ್, ಜ್ವರ, ಮುಖದ ವಿಚಿತ್ರ ಚಲನೆ, ಪ್ರಜ್ಞೆಯ ಮಂಪರು ಕಾಣಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ್ದು ನರವೈದ್ಯರ ಚಿಕಿತ್ಸೆ, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಆದ್ದರಿಂದ ಮೊದಲ ಸಲ ಇಂಥ ಲಕ್ಷಣ ಕಂಡ ಯಾರಿಗೇ ಆಗಲಿ ರಕ್ತದ ಸಕ್ಕರೆ, ಸೋಡಿಯಂ, ಥೈರಾಯ್ಡ್, ಬಿ12, ಮೂತ್ರದಲ್ಲಿ ಮಾದಕ ವಸ್ತುಗಳ ಪರೀಕ್ಷೆ, ಅಗತ್ಯ ಕಂಡರೆ ಇಇಜಿ ಮತ್ತು ಎಂಆರ್‌ಐ ಮಾಡಿಸುವುದು ವೈದ್ಯರ ಹಣದಾಸೆಯಲ್ಲ, ಕರ್ತವ್ಯ.

ಮನುಷ್ಯನಿಗೆ ತನ್ನ ದೇಹವೇ ಬೇರೆಯದೆಂದು ಅನ್ನಿಸುವುದಾದರೂ ಹೇಗೆ? ನಮ್ಮ ಕೈ ಎಲ್ಲಿ ಮುಗಿಯುತ್ತದೆ, ಬೆನ್ನು ಎಷ್ಟು ಅಗಲ, ಬಾಯಿಯೊಳಗೆ ನಾಲಿಗೆ ಎಲ್ಲಿದೆ ಎಂಬ ನಕ್ಷೆಯನ್ನು ಮಿದುಳು ಕ್ಷಣಕ್ಷಣವೂ ಬರೆಯುತ್ತಿರುತ್ತದೆ. ಮುಖ್ಯವಾಗಿ ಪಾರ್ಶ್ವ ಭಾಗದ ಪೆರೈಟಲ್ ಹಾಲೆ ಮತ್ತು ಒಳಗಿನ ಇನ್ಸುಲಾ ಎಂಬ ಭಾಗ ಈ ಕೆಲಸದಲ್ಲಿ ತೊಡಗಿವೆ. ಆ ನಕ್ಷೆಯಲ್ಲಿ ಏರುಪೇರಾದರೆ ಚರ್ಮ ಬಿಗಿದಂತೆ, ಅವಯವ ಉದ್ದವಾದಂತೆ, ಮುಖ ಬದಲಾದಂತೆ ಅನುಭವವಾಗುತ್ತದೆ. ಇಷ್ಟೇ ಆಗಿದ್ದರೆ ನಾವು "ಏನೋ ವಿಚಿತ್ರ ಅನ್ನಿಸುತ್ತಿದೆ" ಎಂದು ಸುಮ್ಮನಾಗುತ್ತಿದ್ದೆವು. ಮನೋವಿಕಾರದ ಸ್ಥಿತಿಯಲ್ಲಿ ಇನ್ನೊಂದು ದೋಷವೂ ಕೂಡಿಕೊಳ್ಳುತ್ತದೆ: ಮನಸ್ಸಿಗೆ ಬಂದ ವಿವರಣೆಯನ್ನು ತೂಗಿ ನೋಡುವ, ಇದು ಸಾಧ್ಯವೇ ಎಂದು ಪ್ರಶ್ನಿಸುವ ಶಕ್ತಿ ಕುಂದುತ್ತದೆ. ಆಗ ಮೊದಲು ಕೈಗೆ ಸಿಕ್ಕಿದ ವಿವರಣೆಯೇ ಅಚಲ ಸತ್ಯವಾಗಿಬಿಡುತ್ತದೆ. ನಾಗಬನವಿರುವ ಮನೆತನದ, ಬಾಲ್ಯದಿಂದ ನಾಗನಿಗೆ ಹಾಲೆರೆಯುವುದನ್ನು, ಅಂದರೆ ತನು ಹಾಕುವುದನ್ನು ಕಂಡ ಹುಡುಗನಿಗೆ ಚರ್ಮ ಬಿಗಿದಂತೆನಿಸಿದರೆ ಪೊರೆ ಎನ್ನದೆ ಇನ್ನೇನೆಂದಾನು? ಅವನ ಕಾಯಿಲೆಗೆ ಹಾವು ಸಿಕ್ಕಿದ್ದು ಊರಿನಿಂದ. ಆದರೆ ಕಾಯಿಲೆ ಬಂದದ್ದು ಊರಿನಿಂದಲೂ ಅಲ್ಲ, ನಾಗನಿಂದಲೂ ಅಲ್ಲ.

ಹಾಗೆಂದು ನಾಗದರ್ಶನವೂ ದೈವದ ಆವೇಶವೂ ಕಾಯಿಲೆಯೇ ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ನಾಗಮಂಡಲದಲ್ಲಿ ಪಾತ್ರಿಯ ಮೈಮೇಲೆ ನಾಗ ಬಂದಾಗ ಅವರು ಹಾವಿನಂತೆಯೇ ತೂಗುತ್ತಾರೆ, ಹಿಂಗಾರ ಕೇಳುತ್ತಾರೆ. ಅದಕ್ಕೊಂದು ಮುಹೂರ್ತವಿದೆ, ಜಾಗವಿದೆ, ಸುತ್ತ ನಿಂತ ಜನರ ಒಪ್ಪಿಗೆಯಿದೆ; ಮುಗಿದ ಮೇಲೆ ಪಾತ್ರಿ ನೀರು ಕುಡಿದು ತಮ್ಮ ಹೆಸರಿನ ಮನುಷ್ಯರಾಗಿ ಮನೆಗೆ ಹೋಗುತ್ತಾರೆ, ಮರುದಿನ ತೋಟಕ್ಕೋ ಕೆಲಸಕ್ಕೋ ಹೊರಡುತ್ತಾರೆ. ನಿಮ್ಮ ತಮ್ಮನದು ಹಾಗಿಲ್ಲ. ಅವನಿಗೆ ಮುಹೂರ್ತವಿಲ್ಲ, ಬಿಡುವಿಲ್ಲ, ಒಪ್ಪಿಗೆಯಿಲ್ಲ. ನಿದ್ದೆ, ಊಟ, ಕೆಲಸ ಮೂರೂ ಹೋಗಿವೆ, ಮೈಮೇಲೆ ಗಾಯವಾಗಿದೆ. ನಂಬಿಕೆಯುಳ್ಳ ಹಿರಿಯರಿಗೂ ಈ ವ್ಯತ್ಯಾಸ ಅರ್ಥವಾಗುತ್ತದೆಂಬುದು ನನ್ನ ಅನುಭವ. ಮುಂಬಯಿಯ ನಮ್ಮ ಜನರಲ್ಲಿ ಎಷ್ಟೋ ಸಲ ರೋಗಿಯನ್ನು ನನ್ನ ಬಳಿಗೆ ಕಳಿಸಿದವರು ಊರಿನ ತಂತ್ರಿಗಳೇ. "ಇದು ನಮ್ಮ ಕೆಲಸವಲ್ಲ, ಮೊದಲು ಡಾಕ್ಟರರಿಗೆ ತೋರಿಸಿ" ಎಂದು ಅವರೇ ಹೇಳಿರುತ್ತಾರೆ. ಇಂಥವರ ಒಂದು ಮಾತು ನಿಮ್ಮ ತಾಯಿಯವರ ಮೇಲೆ ನನ್ನ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡೀತು. ಪರಿಚಯದವರಿದ್ದರೆ ಫೋನಿನಲ್ಲೇ ಮಾತನಾಡಿಸಿ.

ಈಗ ಆ ಮೂರನೆಯ ದಿನದ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ಮನೆಯಲ್ಲಿ ಎಲ್ಲವೂ ಅಲ್ಲಿಂದ ಹಳಿ ತಪ್ಪಿದೆ. ಕುತ್ತಿಗೆ ತಿರುಚಿಕೊಳ್ಳುವುದು, ದವಡೆ ಬಿಗಿಯುವುದು, ನಾಲಿಗೆ ಹೊರಕ್ಕೆ ಚಾಚಿಕೊಂಡು ಒಳಗೆ ಎಳೆದುಕೊಳ್ಳಲಾಗದಿರುವುದು, ಕೆಲವೊಮ್ಮೆ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು: ಇದು ಡಿಸ್ಟೋನಿಯಾ ಎಂಬ, ನಮಗೆ ಬಹಳ ಪರಿಚಿತವಾದ ಅಡ್ಡಪರಿಣಾಮ. ಹ್ಯಾಲೊಪೆರಿಡಾಲ್‌ನಂಥ ಭ್ರಮೆನಿರೋಧಕ ಔಷಧಿಗಳಲ್ಲಿ ಹೆಚ್ಚು, ರಿಸ್ಪೆರಿಡೋನ್‌ನಲ್ಲೂ ಉಂಟು. ಔಷಧಿ ಶುರುವಾದ ಮೊದಲ ಕೆಲವೇ ದಿನಗಳಲ್ಲಿ ಬರುತ್ತದೆ, ಮತ್ತು ಹರೆಯದ ಗಂಡಸರಲ್ಲೇ ಅತಿ ಹೆಚ್ಚು. ಪ್ರೊಮೆಥಜೈನ್‌ನಂಥ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಗಿತ ಬಿಡುತ್ತದೆ. ಆ ಇಂಜೆಕ್ಷನ್ ಯಾವ ಸಣ್ಣ ಆಸ್ಪತ್ರೆಯಲ್ಲೂ ಸಿಗುತ್ತದೆ. ಗಂಟಲಿನ ಸ್ನಾಯುಗಳಿಗೂ ಬಿಗಿತ ತಗುಲಿದರೆ ಉಸಿರಾಟಕ್ಕೆ ತೊಂದರೆಯಾಗಬಹುದು, ಆದ್ದರಿಂದ ಕಾಯುತ್ತಾ ಕೂರುವಂತಿಲ್ಲ. ಮಾತ್ರೆ ಬರೆದುಕೊಡುವಾಗಲೇ "ಹೀಗಾದರೆ ಹೆದರಬೇಡಿ, ತಕ್ಷಣ ಬನ್ನಿ" ಎಂದು ಹೇಳಿ, ಅದನ್ನು ತಡೆಯುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯನ್ನೂ ಜೊತೆಗೆ ಕೊಟ್ಟಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ತಾನು ಹಾವಾಗುತ್ತಿದ್ದೇನೆ, ನಾಲಿಗೆ ಸೀಳುತ್ತಿದೆ ಎನ್ನುತ್ತಿದ್ದ ಹುಡುಗನ ನಾಲಿಗೆ ಅವನ ಹಿಡಿತ ತಪ್ಪಿ ಹೊರಬಂದರೆ ಅವನೂ ನಂಬುತ್ತಾನೆ, ತಾಯಿಯೂ ನಂಬುತ್ತಾರೆ, ಅವರನ್ನು ದೂರುವಂತಿಲ್ಲ. ಅದೇ ಮಾತ್ರೆಯನ್ನು ಬೇರಾವುದೋ ಕಾಯಿಲೆಯ ಇನ್ನೊಬ್ಬ ಯುವಕನಿಗೆ ಕೊಟ್ಟರೂ ಅವನ ನಾಲಿಗೆಯೂ ಹೀಗೆಯೇ ಚಾಚಿಕೊಳ್ಳಬಹುದಿತ್ತು ಎಂಬುದನ್ನು ಅಮ್ಮನಿಗೆ ತಿಳಿಸಿ ಹೇಳಿ. ಆ ಮಾತ್ರೆಯ ಖಾಲಿ ಸ್ಟ್ರಿಪ್ ಇನ್ನೂ ಇದ್ದರೆ ಎಸೆಯಬೇಡಿ. ಮುಂದಿನ ವೈದ್ಯರು ಅದನ್ನು ನೋಡಿ ಇಂಥ ಬಿಗಿತ ಕಡಿಮೆ ತರುವ ಬೇರೆ ಔಷಧಿಯನ್ನು ಆರಿಸುತ್ತಾರೆ.

ಅವನು ನಿಮ್ಮ ಮೇಲೆ ಎರಗಬಹುದೇ ಎಂದು ಕೇಳಿದ್ದೀರಿ. ಹಿಂಸೆಯ ಪ್ರಕರಣಗಳು ವರದಿಯಾಗಿಲ್ಲವೆಂದಲ್ಲ, ಆದರೆ ಇಂಥ ರೋಗಿಗಳಿಂದ ಇತರರಿಗಿಂತ ಅವರಿಗೇ ಅಪಾಯ ಹೆಚ್ಚು. ಅನ್ನನೀರು ಬಿಡುವುದು, ಪೊರೆ ಕಳಚುತ್ತೇನೆಂದು ಚರ್ಮ ಕೀಳುವುದು, ಹಕ್ಕಿಯಾದೆನೆಂದವರು ಮಹಡಿಯಿಂದ ಹಾರುವುದು, ಹಾವಾದೆನೆಂದವರು ತನ್ನ ಕುಲದವರೆಂದು ನಿಜವಾದ ಹಾವಿಗೆ ಕೈ ಹಾಕುವುದು, ಇವು ನನ್ನ ಚಿಂತೆಗಳು. ಡೊಂಬಿವಲಿಯ ಅಂಚಿನ ಖಾಲಿ ಜಾಗಗಳಲ್ಲಿ ಮಳೆಗಾಲದಲ್ಲಿ ಹಾವು ಕಾಣಿಸುವುದು ಹೊಸತೇನಲ್ಲ; ಅವನು ಒಬ್ಬನೇ ಅತ್ತ ಹೋಗದಂತೆ ನೋಡಿಕೊಳ್ಳಿ. ಮೊಣಕೈ ಗಾಯವನ್ನು ಸೋಪು ನೀರಿನಿಂದ ತೊಳೆದು ಮುಚ್ಚಿಡಿ. ನೀರು ಕುಡಿಯುವುದನ್ನು ನಿಲ್ಲಿಸಿದರೆ, ಜ್ವರ ಅಥವಾ ಫಿಟ್ಸ್ ಬಂದರೆ, ಹೊತ್ತುಗೊತ್ತು ತಿಳಿಯದಂತಾದರೆ, ಮಾತು ಬಿಟ್ಟು ಮರದಂತೆ ಸೆಟೆದು ಕುಳಿತರೆ, ಸಾಯು ಎಂದೋ ಕೊಲ್ಲು ಎಂದೋ ಯಾರೋ ಹೇಳುತ್ತಿದ್ದಾರೆಂದರೆ, ಅಪಾಯಿಂಟ್‌ಮೆಂಟಿಗೆ ಕಾಯದೆ 108ಕ್ಕೆ ಕರೆ ಮಾಡಿ ಅಥವಾ ಟ್ಯಾಕ್ಸಿ ಹಿಡಿದು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮನೆಯಲ್ಲಿ ಅವನೊಂದಿಗೆ ಹೇಗೆ ಮಾತನಾಡಬೇಕೆಂಬುದು ಔಷಧಿಯಷ್ಟೇ ಮುಖ್ಯ. ಪರ್ಷಿಯದ ವೈದ್ಯ ಅವಿಸೆನ್ನಾನ ಬಗ್ಗೆ 12ನೆಯ ಶತಮಾನದ ಗ್ರಂಥವೊಂದರಲ್ಲಿ ಒಂದು ಕಥೆಯಿದೆ. ರಾಜಕುಮಾರನೊಬ್ಬ ತಾನು ಹಸುವೆಂದು ನಂಬಿ ಅಂಬಾ ಎನ್ನುತ್ತ, ನನ್ನನ್ನು ಕಡಿದು ಅಡುಗೆ ಮಾಡಿ ಎಂದು ಹಟ ಹಿಡಿದು ಊಟ ಬಿಟ್ಟಿದ್ದನಂತೆ. ಅವಿಸೆನ್ನಾ ಕೈಯಲ್ಲಿ ಚೂರಿ ಹಿಡಿದು ಬಂದು, ಹಸುವನ್ನು ಕಟ್ಟಿಸಿ, ಮೈ ತಡವಿ ನೋಡಿ, ಇದು ಬಹಳ ಬಡಕಲು, ಮೊದಲು ಚೆನ್ನಾಗಿ ಮೇಯಿಸಿ ಎಂದನಂತೆ. ರಾಜಕುಮಾರ ಉಣ್ಣತೊಡಗಿದ, ಊಟದೊಂದಿಗೆ ಮದ್ದೂ ಒಳಗೆ ಹೋಯಿತು, ಗುಣವಾದ. ಕಥೆ ಚೆನ್ನಾಗಿದೆ, ನಮ್ಮ ವೃತ್ತಿಯವರಿಗೆ ಅಚ್ಚುಮೆಚ್ಚು ಕೂಡ. ಆದರೆ ಮನೆಯವರು ಇದನ್ನು ಅನುಸರಿಸಬಾರದು. ಭ್ರಮೆಗೆ ಮನೆಯೇ ಸಾಕ್ಷಿ ನುಡಿದರೆ ರೋಗಿಗೆ ಹಿಂದಿರುಗುವ ದಾರಿ ಮುಚ್ಚುತ್ತದೆ, ಮದ್ದನ್ನು ಕದ್ದು ತಿನ್ನಿಸಿದ್ದು ಗೊತ್ತಾದ ದಿನ ನಿಮ್ಮ ಮೇಲಿನ ವಿಶ್ವಾಸವೂ ಹೋಗುತ್ತದೆ. ಹಾಗೆಂದು "ನೀನು ಹಾವಲ್ಲ, ನೋಡು ನಿನಗೆ ಕಾಲಿದೆ" ಎಂದು ವಾದಿಸಿಯೂ ಫಲವಿಲ್ಲ; ವಾದದಿಂದ ಹೋಗುವಂತಿದ್ದರೆ ಅದನ್ನು ಭ್ರಮೆ ಎಂದೇ ಕರೆಯುತ್ತಿರಲಿಲ್ಲ.

ಇವೆರಡರ ನಡುವೆ ನಿಲ್ಲಬೇಕು. "ನಿನಗೆ ಹಾಗನ್ನಿಸುತ್ತಿದೆ, ಹೆದರಿಕೆಯೂ ಆಗುತ್ತಿರಬೇಕು. ನನಗೆ ಪೊರೆ ಕಾಣಿಸುತ್ತಿಲ್ಲ. ಆದರೆ ನಿನಗೆ ನಿದ್ದೆಯಿಲ್ಲದಿರುವುದು, ಕೈಗೆ ಗಾಯವಾಗಿರುವುದು ಕಾಣಿಸುತ್ತಿದೆ. ಅದಕ್ಕೆ ಡಾಕ್ಟರರ ಹತ್ತಿರ ಹೋಗೋಣ." ಇಂಥ ಮಾತಿಗೆ ಒಪ್ಪಿಕೊಂಡು ಬಂದವರನ್ನು ಬಹಳ ನೋಡಿದ್ದೇನೆ, ಏಕೆಂದರೆ ನಿದ್ದೆಯಿಲ್ಲದ ಸಂಕಟ ಅವರಿಗೂ ನಿಜ. ಹಾಲಿನ ಬಟ್ಟಲನ್ನು ನೆಲದಿಂದ ಎತ್ತಿ ಊಟದ ಮೇಜಿನ ಮೇಲೆ, ನೀವೆಲ್ಲ ಉಣ್ಣುವಾಗ, ಅವನ ತಟ್ಟೆಯ ಪಕ್ಕ ಲೋಟದಲ್ಲಿ ಇಡಿ. ಅಮ್ಮ ಕೈ ಮುಗಿಯುವುದಿದ್ದರೆ ದೇವರ ಕೋಣೆಯಲ್ಲಿ ನಾಗನ ಮೂರ್ತಿಗೆ ಮುಗಿಯಲಿ, ಮಗನಿಗಲ್ಲ. ಇದನ್ನು ಅವರಿಗೆ ಹೇಳುವಾಗ ಗದರಬೇಡಿ. ಮಗ ಕಳೆದುಹೋಗುತ್ತಿದ್ದಾನೆಂಬ ಭಯದಲ್ಲಿ ಅವರಿಗೆ ಸಿಕ್ಕಿದ ಒಂದೇ ಊರುಗೋಲು ಅದು.

ಊರಿಗೆ ಕರೆದೊಯ್ಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಪೂಜೆಗೆ ನನ್ನ ಅಡ್ಡಿಯಿಲ್ಲ, ಈಗಲೇ ಹೊರಡುವುದಕ್ಕೆ ಇದೆ. ನಿದ್ದೆಗೇಡು ಉನ್ಮಾದಕ್ಕೆ ತುಪ್ಪ ಸುರಿಯುತ್ತದೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ, ತೆರೆದ ಬಾಗಿಲು, ಆಮೇಲೆ ಉಪವಾಸ, ಜಾಗರಣೆ, ಡಕ್ಕೆಯ ಸದ್ದು, ಸುತ್ತ ನೆರೆದವರೆಲ್ಲ ಅವನನ್ನೇ ನೋಡುತ್ತಿರುವುದು, ಇವೆಲ್ಲವೂ ಈಗಿನ ಅವನ ಸ್ಥಿತಿಗೆ ಅಪಾಯಕಾರಿ. ಮುಂದೆ ಲಿಥಿಯಂ ಎಂಬ ಔಷಧಿ ಶುರುವಾದರೆ ಉಪವಾಸವೂ ನೀರಿಲ್ಲದಿರುವುದೂ ರಕ್ತದಲ್ಲಿ ಅದರ ಪ್ರಮಾಣವನ್ನು ವಿಷವಾಗುವಷ್ಟು ಏರಿಸಬಲ್ಲವು. ಆಶ್ಲೇಷಾ ಬಲಿಯನ್ನು ನೀವು ಅಥವಾ ಊರಿನ ಬಂಧುಗಳು ಅವನ ಹೆಸರಿನಲ್ಲಿ ಈಗಲೇ ಮಾಡಿಸಬಹುದು. ಅವನು ಸುಧಾರಿಸಿದ ಮೇಲೆ ಹಗಲು ಹೊತ್ತಿನಲ್ಲಿ ಹೋಗಿ ಪ್ರಸಾದ ತೆಗೆದುಕೊಳ್ಳಲಿ, ಮಾತ್ರೆ ಒಂದು ಹೊತ್ತೂ ತಪ್ಪದಿರಲಿ. ಆದರೆ ಮೆಣಸಿನ ಹೊಗೆ ಹಾಕುವ, ಬೆತ್ತದಿಂದ ಹೊಡೆಯುವ, ಸರಪಳಿ ಬಿಗಿಯುವ ಯಾರ ಬಳಿಗೂ, ಇಲ್ಲಿಯೂ ಅಲ್ಲಿಯೂ, ಕಳಿಸಕೂಡದು. ಮಹಾರಾಷ್ಟ್ರದಲ್ಲಿ ಇವು ಅಪರಾಧ. ವೈದ್ಯರೇ ಆಗಿದ್ದ, ಮೂಢನಂಬಿಕೆಯ ವಿರುದ್ಧ ದುಡಿದ ನರೇಂದ್ರ ದಾಭೋಲ್ಕರ್ ಅವರ ವರ್ಷಗಟ್ಟಲೆಯ ಹೋರಾಟದ ಫಲವಾದ ಕಾನೂನು, 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರ ಹತ್ಯೆಯಾದ ಮೇಲೆ ಜಾರಿಗೆ ಬಂತು. ತಮಿಳುನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಬಳಿಯ ಖಾಸಗಿ ಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಕಾರಣ ಓಡಲಾಗದೆ 28 ಮಂದಿ ಮಾನಸಿಕ ರೋಗಿಗಳು ಸತ್ತರು. ಅವರನ್ನು ಅಲ್ಲಿಗೆ ಕರೆತಂದದ್ದು ಅವರ ಒಳಿತನ್ನೇ ಬಯಸಿದ ಮನೆಯವರು.

ಎಲ್ಲಿಗೆ ಹೋಗಬೇಕು? ನೀವು ಸೆಂಟ್ರಲ್ ಲೈನಿನಲ್ಲಿರುವುದರಿಂದ ಸಯನ್ ಆಸ್ಪತ್ರೆ ಅಥವಾ ಪರೇಲಿನ ಕೆಇಎಂ ಅನುಕೂಲ. ಎರಡರಲ್ಲೂ ಮನೋವೈದ್ಯಕೀಯ ವಿಭಾಗವೂ ನರವೈದ್ಯರೂ ಒಂದೇ ಆವರಣದಲ್ಲಿದ್ದಾರೆ, ಮೊದಲ ಸಲದ ತಪಾಸಣೆಗೆ ಇದು ಮುಖ್ಯ. ಥಾಣೆಯಲ್ಲಿ 1901ರಿಂದ ಇರುವ ಪ್ರಾದೇಶಿಕ ಮನೋರೋಗ ಆಸ್ಪತ್ರೆ ಇನ್ನೂ ಹತ್ತಿರ. ಅದರ ಹೆಸರು ಕೇಳಿದರೆ ನಮ್ಮವರು ಹಿಂಜರಿಯುತ್ತಾರೆ, ಆದರೆ ಹೊರರೋಗಿ ವಿಭಾಗದಲ್ಲಿ ತೋರಿಸಿ ಔಷಧಿ ಪಡೆದು ಸಂಜೆಗೆ ಮನೆಗೆ ಮರಳುವವರೇ ಅಲ್ಲಿ ಬಹಳ. ಬೆಳಗಿನ ಗರ್ದಿಯ ಲೋಕಲ್ಲಿನಲ್ಲಿ ಮಾತ್ರ ಅವನನ್ನು ಕರೆದೊಯ್ಯಬೇಡಿ. ಹೊರಡುವ ಮೊದಲೇ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆ ಹಗಲು ರಾತ್ರಿ ಇರುತ್ತದೆ, ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ. ಅಮ್ಮನಿಗೂ ಒಮ್ಮೆ ಮಾತನಾಡಿಸಿ.

ಅವನು ಯಾವುದಕ್ಕೂ ಒಪ್ಪದೆ ಸ್ಥಿತಿ ಬಿಗಡಾಯಿಸಿದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೆಯ ವಿಧಿಯಂತೆ ಅವನ ನಾಮನಿರ್ದೇಶಿತ ಪ್ರತಿನಿಧಿಯ ಕೋರಿಕೆಯ ಮೇಲೆ, ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಬೇರೆ ಬೇರೆಯಾಗಿ ಪರೀಕ್ಷಿಸಿ ಅಗತ್ಯವೆಂದರೆ, 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಅವನು ಬೇರೆ ಯಾರನ್ನೂ ಹೆಸರಿಸಿಲ್ಲದಿದ್ದರೆ ಆ ಪ್ರತಿನಿಧಿ ನೀವೋ ಅಮ್ಮನೋ ಆಗಬಹುದು. ಇದಕ್ಕೆ ಪೊಲೀಸರೂ ಬೇಡ, ಕೋರ್ಟೂ ಬೇಡ.

ಚಿಕಿತ್ಸೆಯ ಬಗ್ಗೆ. ಉನ್ಮಾದವೆಂದು ಖಚಿತವಾದರೆ ಓಲಾನ್ಜಪೈನ್ ಅಥವಾ ಕ್ವಿಟಿಯಾಪಿನ್‌ನಂಥ ಭ್ರಮೆನಿರೋಧಕ ಔಷಧಿಯನ್ನೂ ಮನಸ್ಥಿತಿಯನ್ನು ಸಮಸ್ಥಿತಿಯಲ್ಲಿಡುವ ಲಿಥಿಯಂ ಅಥವಾ ವ್ಯಾಲ್ಪ್ರೊಯೇಟನ್ನೂ ಕೊಡುವುದು ರೂಢಿ. ಮೊದಲು ಮರಳುವುದು ನಿದ್ದೆ, ಕೆಲವೇ ದಿನಗಳಲ್ಲಿ. ಭ್ರಮೆ ಕರಗಲು ವಾರಗಳು ಬೇಕು, ಅದೂ ಒಮ್ಮೆಲೇ ಅಲ್ಲ: "ಹಾವಾಗಿದ್ದೇನೆ" ಎನ್ನುವವನು "ಹಾವಾಗಿದ್ದೆನೇನೋ" ಎನ್ನುತ್ತಾನೆ, ಆಮೇಲೆ ಆ ಮಾತನ್ನೇ ಎತ್ತುವುದಿಲ್ಲ. ಕೆದಕಿ ಕೇಳಬೇಡಿ, ಬಹಳ ಜನರಿಗೆ ನೆನಪು ಮರಳಿದಾಗ ನಾಚಿಕೆ ಆವರಿಸುತ್ತದೆ, ಉನ್ಮಾದದ ಹಿಂದೆಯೇ ಖಿನ್ನತೆಯೂ ಬರಬಹುದು, ಆಗ ಆತ್ಮಹತ್ಯೆಯ ಯೋಚನೆಗಳ ಮೇಲೆ ಒಂದು ಕಣ್ಣಿರಬೇಕು. ಔಷಧಿಗಳಿಗೆ ಬೆಲೆ ತೆರಬೇಕಾದ್ದೂ ಇದೆ. ಓಲಾನ್ಜಪೈನ್‌ನಿಂದ ಹಸಿವು, ತೂಕ, ಸಕ್ಕರೆ ಏರುತ್ತವೆ. ಹೋಟೆಲಿನಲ್ಲಿ ಕೆಲಸ ಮಾಡುವವನಿಗೆ ಇದು ಸಣ್ಣ ವಿಷಯವಲ್ಲ. ಲಿಥಿಯಂ ಒಳ್ಳೆಯ ಔಷಧಿ, ಆದರೆ ರಕ್ತಪರೀಕ್ಷೆಯಿಲ್ಲದೆ ಕೊಡುವಂಥದ್ದಲ್ಲ; ಕೈ ನಡುಕ, ವಾಂತಿಭೇದಿ, ತೊದಲು ಕಂಡರೆ ಆ ದಿನವೇ ವೈದ್ಯರನ್ನು ಕಾಣಬೇಕು, ವರ್ಷಗಳ ಬಳಕೆಯಲ್ಲಿ ಥೈರಾಯ್ಡ್ ಮತ್ತು ಮೂತ್ರಪಿಂಡಗಳನ್ನು ನೋಡುತ್ತಿರಬೇಕು.

ಜೀವನಪೂರ್ತಿ ನುಂಗಬೇಕೇ ಎಂಬುದಕ್ಕೆ ಇವತ್ತೇ ಉತ್ತರ ಹೇಳುವವರನ್ನು, ಹೌದೆಂದರೂ ಅಲ್ಲವೆಂದರೂ, ನಂಬಬೇಡಿ. ಮಾದಕ ವಸ್ತುವಿನಿಂದ ಬಂದಿದ್ದರೆ ಕೆಲವು ತಿಂಗಳು ಸಾಕಾಗಬಹುದು. ಮೊದಲ ಸಲದ ಮನೋವಿಕಾರಕ್ಕೆ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಸಲು ಹೇಳುತ್ತೇವೆ. ಬೈಪೋಲಾರ್ ಎಂದು ಸ್ಥಿರಪಟ್ಟು, ಕುಟುಂಬದಲ್ಲೂ ಇದ್ದು, ಮತ್ತೆ ಮತ್ತೆ ಬಂದರೆ ದೀರ್ಘಕಾಲ ಬೇಕಾಗುತ್ತದೆ. ಸುಧಾರಿಸಿದ ಎರಡನೆಯ ತಿಂಗಳಲ್ಲಿ "ಈಗ ಸರಿಯಾಗಿದ್ದಾನಲ್ಲ" ಎಂದು ನಿಲ್ಲಿಸುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಇನ್ನೊಂದು, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಊರಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿವಿಗೊಡಬೇಡಿ.

ಕರೆಂಟ್ ಚಿಕಿತ್ಸೆ, ಅಂದರೆ ಇಸಿಟಿ, ಎಲ್ಲರಿಗೂ ಕೊಡುವುದಲ್ಲ. ಊಟ ಪೂರ್ತಿ ಬಿಟ್ಟಾಗ, ಸೆಟೆದು ಕೂತಾಗ, ಆತ್ಮಹತ್ಯೆಯ ಅಪಾಯ ತೀವ್ರವಾಗಿದ್ದಾಗ, ಔಷಧಿಗೆ ಕಾಯುವಷ್ಟು ಸಮಯ ಇಲ್ಲದಾಗ ಅದು ಜೀವ ಉಳಿಸುತ್ತದೆ. ಬಕೆಟ್ಟಿನಲ್ಲಿ ಕಾಲಿಟ್ಟು ನಿಂತಿದ್ದ ಹಿರಿಯರಿಗೆ ನಾವು ಕೊಟ್ಟದ್ದು ಅದನ್ನೇ. ಅರಿವಳಿಕೆಯನ್ನೂ ಸ್ನಾಯು ಸಡಿಲಿಸುವ ಔಷಧಿಯನ್ನೂ ಕೊಡದೆ ಇಸಿಟಿ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ, ಆದ್ದರಿಂದ ಹಳೆಯ ಸಿನಿಮಾಗಳ ದೃಶ್ಯವನ್ನು ಮನಸ್ಸಿನಿಂದ ತೆಗೆದುಹಾಕಿ. ತಲೆನೋವು ಮತ್ತು ಆ ವಾರಗಳ ನೆನಪು ಮಸುಕಾಗುವುದು ಸಾಮಾನ್ಯ. ಕೆಲವರಿಗೆ ಹಳೆಯ ಕೆಲವು ನೆನಪುಗಳೂ ಮರಳದಿರಬಹುದು. ನಿಮ್ಮ ತಮ್ಮ ಹಾಲನ್ನಾದರೂ ಕುಡಿಯುತ್ತಿರುವವರೆಗೆ ಮೊದಲು ಔಷಧಿಯನ್ನೇ ಪ್ರಯತ್ನಿಸುತ್ತಾರೆ.

ಹೋಗುವಾಗ ಜೊತೆಗೆ ಒಯ್ಯಬೇಕಾದವು: ಆ ಮಾತ್ರೆಯ ಸ್ಟ್ರಿಪ್ಪು ಮತ್ತು ಚೀಟಿ, ಯಾವಾಗಿನಿಂದ ನಿದ್ದೆ ಕಡಿಮೆಯಾಯಿತು, ಸಾಲ ಯಾವಾಗ ಮಾಡಿದ, ಹಾವಿನ ಮಾತು ಯಾವಾಗ ಶುರುವಾಯಿತು ಎಂಬುದನ್ನು ತಾರೀಕಿನ ಸಮೇತ ಬರೆದ ಒಂದು ಹಾಳೆ, ಚಿಕ್ಕಮ್ಮನಿಗೆ ಆಗ ಯಾವ ಔಷಧಿ ಹಿಡಿಯಿತೆಂಬ ಮಾಹಿತಿ, ಏಕೆಂದರೆ ರಕ್ತಸಂಬಂಧಿಗೆ ಲಿಥಿಯಂ ಒಗ್ಗಿದ್ದರೆ ಇವನಿಗೂ ಒಗ್ಗುವ ಸಾಧ್ಯತೆ ಹೆಚ್ಚು. ಗಾಂಜಾ ಅಥವಾ ಬೇರೆ ಅಭ್ಯಾಸವಿದೆಯೇ ಎಂದು ಹೋಟೆಲಿನ ಅವನ ಸಹೋದ್ಯೋಗಿಗಳನ್ನು ಮಾಲೀಕರ ಎದುರಿಗಲ್ಲದೆ, ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳಿ. ಸಾಲ ಕೊಟ್ಟವರ ಹೆಸರು, ಮೊತ್ತ ಬರೆದಿಡಿ, ಅವನ ಎಟಿಎಂ ಕಾರ್ಡನ್ನೂ ಫೋನಿನ ಪಾವತಿ ಆ್ಯಪ್‌ಗಳನ್ನೂ ಸದ್ಯಕ್ಕೆ ಅವನ ಒಪ್ಪಿಗೆ ಪಡೆದು ನಿಮ್ಮ ಬಳಿ ಇಟ್ಟುಕೊಳ್ಳಿ. ಈ ವಾರದೊಳಗೆ ಹೋಗಿ.